ಒತ್ತೆಕೋಲಕ್ಕೆ ಹೋಗಿ ಬಂದ ಮೇಲೆ ಲೆನ್ಸ್ ವಿಷಯ ಇತ್ಯರ್ಥ ಆಯ್ತು

ನನ್ನದು ನಿಕಾನ್ ಝಡ್6 ಕ್ಯಾಮರಾ. ಅದಕ್ಕೊಂದು ವೈಡ್ ಲೆನ್ಸ್ ಬೇಕಿತ್ತು, 20 ಎಂಎಂ ಎಫ್ 1.8 ಪ್ರೈಮ್ (ಝೂಮ್ ಆಗದ ಲೆನ್ಸ್) ತೆಗೀಲಾ 14-30 ಎಫ್ 4 ಝೂಮ್ ತೆಗೀಲಾ ಅಂತ ಎರಡು ವರ್ಷ ತಲೆ ಕೆಡಿಸ್ಕೊಂಡೆ. ಎಂಎಂ ಕಮ್ಮಿ ಆದಷ್ಟು ನೋಟ ಅಗಲ, ಎಫ್ ನಂಬರ್ ಕಮ್ಮಿ ಆದಷ್ಟು ಒಳಗೆ ಬರುವ ಬೆಳಕು ಜಾಸ್ತಿ. ತೂಕ ನೋಡಿದ್ರೆ ಎರಡೂ ಅರ್ಧ ಕಿಲೋ ಆಸುಪಾಸು, ತಮಾಷೆ ಅಂದ್ರೆ ಪ್ರೈಮೇ ಇಪ್ಪತ್ತು ಗ್ರಾಂ ಜಾಸ್ತಿ. ಎರಡನ್ನೂ ತೆಗೀವಷ್ಟು ಅಡಿಕೆ ನಮ್ಮ ತೋಟದಲ್ಲಿ ಆಗುದಿಲ್ಲ. ಕೊನೆಗೆ ಮಂಗ್ಳೂರಿಂದ ಎರಡನ್ನೂ ನಾಲ್ಕು ದಿವಸಕ್ಕೆ ಬಾಡಿಗೆಗೆ ತಂದೆ.

ಮೊದಲ ದಿನ ಬೇಕಲ ಕೋಟೆ. ಹಗಲು, ಬೇಕಾದಷ್ಟು ಬೆಳಕು, ಕಲ್ಲು ಎಲ್ಲಿಗೂ ಓಡಿ ಹೋಗುದಿಲ್ಲ, ಎಫ್ 8ಕ್ಕೆ ಇಟ್ಟು ತೆಗೆದ್ರೆ ಯಾವುದು ಯಾವ ಲೆನ್ಸಿಂದು ಅಂತ ನನಗೇ ಗುರ್ತ ಸಿಗ್ಲಿಲ್ಲ. ಝೂಮೇ ಸಾಕು ಅನ್ನಿಸ್ತು. ಮನೆಗೆ ಬಂದು ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ 14ರಲ್ಲಿ ಒಂದು ತೆಗೆದೆ, ಬದಿಯಲ್ಲಿ ಕೂತ ಅತ್ತೆ ಸ್ಕ್ರೀನ್ ನೋಡಿ "ಎಂತದಾ, ನನ್ನನ್ನು ಹಲಸಿನಕಾಯಿ ಮಾಡಿ ಇಟ್ಟಿದ್ದೀಯಲ್ಲ" ಅಂದ್ರು. ಅಷ್ಟು ವೈಡ್‌ನಲ್ಲಿ ಫ್ರೇಮಿನ ಅಂಚಿಗೆ ಬಂದವರು ಅಡ್ಡಕ್ಕೆ ಎಳೆದ ಹಾಗೆ ಕಾಣುದು ಸಹಜ, ಅದು ಲೆನ್ಸಿನ ತಪ್ಪಲ್ಲ, ಆದ್ರೆ ಅತ್ತೆಗೆ ಅದನ್ನು ಹೇಳ್ಲಿಕ್ಕೆ ಹೋಗ್ಲಿಲ್ಲ.

ಮೂರನೇ ರಾತ್ರಿ ಒತ್ತೆಕೋಲ, ಅಂದ್ರೆ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವ ಕೋಲ. ವಿಷ್ಣುಮೂರ್ತಿ ಕೆಂಡಕ್ಕೆ ಬೀಳುವ ಹೊತ್ತಿಗೆ ಬೆಳಗಿನ ಜಾವ, ಬೆಳಕು ಅಂದ್ರೆ ಕೆಂಡದ್ದು ಮತ್ತು ದೂರದ ಒಂದೆರಡು ಟ್ಯೂಬ್‌ಲೈಟಿಂದು. ಫ್ಲ್ಯಾಶ್ ಹಾಕ್ಲಿಕ್ಕೆ ನನಗೆ ಮನಸ್ಸಿಲ್ಲ, ದೈವದ ಮುಖಕ್ಕೆ ಹೊಡೆಯುದೂ ಸರಿಯಲ್ಲ, ಕೆಂಡದ ಬಣ್ಣವೂ ಸಾಯ್ತದೆ. ಸೊಂಟದ ತೆಂಗಿನ ಸಿರಿ ಹಾರುದನ್ನು ಹಿಡೀಬೇಕಾದ್ರೆ 1/250 ಸೆಕೆಂಡ್ ಆದ್ರೂ ಬೇಕು. ಪ್ರೈಮಿನಲ್ಲಿ ಎಫ್ 1.8ಕ್ಕೆ ಐಎಸ್‌ಓ 6400ರಲ್ಲಿ ಕೆಲಸ ಆಯ್ತು (ಕತ್ತಲಲ್ಲಿ ಈ ನಂಬರ್ ಏರಿಸ್ಬೇಕು, ಏರಿಸಿದಷ್ಟು ಫೋಟೋ ಕಾಳು ಕಾಳು). ಝೂಮ್ ಹಾಕಿದೆ, ಎಫ್ 4ಕ್ಕೆ ಬೆಳಕು ಹತ್ತಿರ ಹತ್ತಿರ ಐದನೇ ಒಂದು ಪಾಲು, ಅದೇ ಫೋಟೋಗೆ ಐಎಸ್‌ಓ 32000, ಮುಖದ ಬಣ್ಣದ ಬರವಣಿಗೆ ಎಲ್ಲಾ ರವೆ ಚೆಲ್ಲಿದ ಹಾಗೆ. ಕ್ಯಾಮರಾದೊಳಗೆ ನಡುಕ ತಡೆಯುವ ಸ್ಟೆಬಿಲೈಸೇಶನ್ ಉಂಟಲ್ಲ ಅಂತ ಕೆಲವರು ಹೇಳ್ತಾರೆ, ಅದು ನನ್ನ ಕೈ ನಡುಗುದಕ್ಕೆ ಮಾರಾಯ್ರೆ, ಹಾರುವ ದೈವಕ್ಕಲ್ಲ.

ಎಫ್ 1.8ರಲ್ಲಿ ಫೋಕಸ್ ತಪ್ಪೀತು ಅಂತ ಹೆದರಿಕೆ ಇತ್ತು. 20 ಎಂಎಂನಲ್ಲಿ ಮೂರು ಮೀಟರಿಗೆ ಫೋಕಸ್ ಮಾಡಿದ್ರೆ ಸುಮಾರು ಎರಡರಿಂದ ಐದು ಮೀಟರ್ ವರೆಗೆ ಶಾರ್ಪ್ ಬರ್ತದೆ, ಹಾಗಾಗಿ ಅಷ್ಟೇನೂ ತೊಂದರೆ ಆಗ್ಲಿಲ್ಲ. ತೊಂದರೆ ಆದದ್ದು ಬೇರೆ ಕಡೆ. "ಪ್ರೈಮ್ ಆದ್ರೆ ನಡೆದು ಹತ್ತಿರ ಹೋದ್ರಾಯ್ತು" ಅನ್ನುವವರು ಒಂದ್ಸಲ ಒತ್ತೆಕೋಲದ ಜನದ ನಡುವೆ ನಿಂತು ನೋಡ್ಬೇಕು, ಒಂದು ಹೆಜ್ಜೆ ಮುಂದೆ ಹೋದ್ರೆ ಕೆಂಡ, ಹಿಂದೆ ಹೋದ್ರೆ ಯಾರದ್ದೋ ಮಗು. ನಿಂತಲ್ಲಿಂದಲೇ ತೆಗೆದು ಮನೆಯಲ್ಲಿ ಕ್ರಾಪ್ ಮಾಡಿದೆ. 20ರದ್ದನ್ನು 30ರಷ್ಟಕ್ಕೆ ಕತ್ತರಿಸಿದ್ರೆ 24 ಮೆಗಾಪಿಕ್ಸೆಲಿನಲ್ಲಿ ಉಳಿಯುದು ಹತ್ತು ಹನ್ನೊಂದು, 12×18 ಇಂಚಿನ ಪ್ರಿಂಟಿಗೆ ಧಾರಾಳ ಸಾಕು. 14ರ ಅಗಲ ಮಾತ್ರ ಕ್ರಾಪ್ ಮಾಡಿ ಬರುವಂಥದ್ದಲ್ಲ.

ಪ್ರೈಮ್ ತೆಗೆದೆ. ಹಳೇ 77 ಎಂಎಂ ಪೋಲರೈಸರ್ ಫಿಲ್ಟರ್ ಅದಕ್ಕೇ ಕೂತದ್ದು ಲಾಭ, ಝೂಮಿಗಾದ್ರೆ 82ರದ್ದು ಹೊಸತು ಬೇಕಿತ್ತು. ಚಾವಡಿ ಫೋಟೋಗೆ ಈಗ ಕ್ಯಾಮರಾ ನೆಟ್ಟಗೆ ನಿಲ್ಲಿಸಿ ಸಾಲಾಗಿ ನಾಲ್ಕೈದು ತೆಗೆದು ಒಂದೇ ಫೋಟೋ ಆಗಿ ಹೊಲೀತೇನೆ, ಮನುಷ್ಯರು ಅಲ್ಲಾಡದಿದ್ರೆ ಬರ್ತದೆ. ಆದ್ರೆ ಟ್ರೈಪಾಡಿನಲ್ಲಿ ಲೆನ್ಸನ್ನು ಅದರ ಸರಿಯಾದ ಬಿಂದುವಿನ ಮೇಲೆ ಅಲ್ಲದೆ ಬೇರೆ ಕಡೆಯಿಂದ ತಿರುಗಿಸಿದ್ರೆ ಹತ್ತಿರದ ಕಂಬ ಎರಡು ತುಂಡಾಗ್ತದೆ, ಮೊನ್ನೆ ಹಾಗೇ ಆಯ್ತು.