ಕರಾವಳಿಯಲ್ಲಿ ಮೊದಲ ಕಾರು: ಹಳೆಯ ಗಾಡಿಯನ್ನು ನೋಡಿ ಕೊಳ್ಳುವುದು, ಜತನದಿಂದ ಓಡಿಸುವುದು

ಕಾರವಾರದಿಂದ ಭಟ್ಕಳದವರೆಗೆ, ಅಥವಾ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಿ, ಎರಡು ಮೂರು ಲಕ್ಷ ರೂಪಾಯಿಯೊಳಗೆ ಮೊದಲ ಕಾರನ್ನು ಹುಡುಕುವವರು ಮಾರುವವರಲ್ಲಿ ಸಾಮಾನ್ಯವಾಗಿ ಎರಡು ವಿಷಯ ವಿಚಾರಿಸುತ್ತಾರೆ: ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಮೈಲೇಜ್ ಕೊಡುತ್ತದೆ. ಈ ಎರಡಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಗಾಡಿಯ ತಳ ಹೇಗಿದೆ ಎಂಬುದನ್ನು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಸಮುದ್ರದ ಉಪ್ಪುಗಾಳಿ ಬೀಸುವ ಉತ್ತರ ಕನ್ನಡ ಜಿಲ್ಲೆಯ ಈ ಕರಾವಳಿಯಲ್ಲಿ ಎಂಜಿನ್ ಕೆಡುವ ಮೊದಲೇ ತಗಡು ಕೊಳೆಯುತ್ತದೆ. ಎಂಜಿನ್ನಿನ ದೋಷವನ್ನು ಕುಮಟಾದ ಅಥವಾ ಶಿರಸಿಯ ಯಾವುದೇ ಒಳ್ಳೆಯ ಗ್ಯಾರೇಜಿನಲ್ಲಿ ಸರಿಪಡಿಸಿಕೊಳ್ಳಬಹುದು; ತುಕ್ಕು ತಿಂದ ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ಮಾಡಿಸಿದ ವೆಲ್ಡಿಂಗ್ ಎರಡು ಮಳೆಗಾಲ ತಡೆದರೆ ಹೆಚ್ಚು.

ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಕೊಡಬಾರದು. ಎರಡೂವರೆ ಲಕ್ಷ ಇದ್ದರೆ ಎರಡು ಲಕ್ಷದೊಳಗಿನ ಕಾರನ್ನು ನೋಡಿ, ಉಳಿದದ್ದನ್ನು ಟಯರು, ಬ್ಯಾಟರಿ, ಬ್ರೇಕು, ವಿಮೆ ಮತ್ತು ಹೆಸರು ವರ್ಗಾವಣೆಗೆ ತೆಗೆದಿಡಿ, ಏಕೆಂದರೆ ಹಳೆಯ ಗಾಡಿಯ ಮೊದಲ ಮೂರು ತಿಂಗಳಲ್ಲಿ ಇವುಗಳಲ್ಲಿ ಕನಿಷ್ಠ ಎರಡಾದರೂ ಖರ್ಚು ಕೇಳುತ್ತವೆ. ಬೆಲೆ ಮಾತಾಡುವ ಮೊದಲು ಅದೇ ಮಾದರಿಯ ಹೊಸ ಕಾರಿನ ಇಂದಿನ ಬೆಲೆಯನ್ನೂ ತಿಳಿದುಕೊಂಡಿರಬೇಕು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದ್ದರೂ ಹಳೆಯ ಲೆಕ್ಕದಲ್ಲೇ ಬೆಲೆ ಹೇಳುವ ಮಾರಾಟಗಾರರು ಇರುತ್ತಾರೆ.

ಮಾದರಿಯ ಬಗ್ಗೆ ನನ್ನ ಅಭಿಪ್ರಾಯ ಸರಳವಾದದ್ದು. ಆಲ್ಟೋ, ವ್ಯಾಗನ್ಆರ್, ಸ್ವಿಫ್ಟ್, ಐ10, ಇಯಾನ್‌ಗಳಂಥ ಚಿಕ್ಕ ಪೆಟ್ರೋಲ್ ಗಾಡಿಗಳ ಬಿಡಿಭಾಗಗಳು ತಾಲೂಕು ಕೇಂದ್ರಗಳಲ್ಲೇ ಸಿಗುತ್ತವೆ, ಅವುಗಳನ್ನು ಬಿಚ್ಚಿ ಜೋಡಿಸಿ ಅಭ್ಯಾಸವಿರುವ ಮೆಕ್ಯಾನಿಕ್‌ಗಳೂ ಇದ್ದಾರೆ. ಷೆವರ್ಲೆ 2017ರಲ್ಲಿ ಇಲ್ಲಿನ ಮಾರಾಟವನ್ನು ನಿಲ್ಲಿಸಿತು, ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಆ ಗಾಡಿಗಳು ಗಟ್ಟಿಯಾಗಿದ್ದು ಅಗ್ಗವಾಗಿ ಸಿಕ್ಕರೂ, ಒಂದು ಬಿಡಿಭಾಗಕ್ಕೆ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ದಾರಿ ಕಾಯುವ ಕಷ್ಟ ಹೊಸ ಚಾಲಕರಿಗೆ ಬೇಡ. ಸ್ವಲ್ಪ ಹೆಚ್ಚು ಹಣ ಹೊಂದಿಸಲು ಸಾಧ್ಯವಾದರೆ 2019ರ ನಂತರದ ಗಾಡಿಯನ್ನು ಹುಡುಕಿ. ಆ ವರ್ಷದ ಏಪ್ರಿಲ್‌ನಿಂದ ಎಬಿಎಸ್, ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಒದ್ದೆಯಾದ ಘಟ್ಟದ ತಿರುವಿನಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್‌ಗೆ ಕೊಡುವ ಹಣ ವ್ಯರ್ಥವಾಗುವುದಿಲ್ಲ.

ತಳವನ್ನು ನೋಡುವ ಬಗೆ

ಮಧ್ಯಾಹ್ನದ ಬಿಸಿಲಿನಲ್ಲಿ, ಒಣಗಿದ ಗಾಡಿಯನ್ನು ನೋಡಿ. ತೊಳೆದ ಕೂಡಲೇ ತೋರಿಸುವ ಗಾಡಿಯಲ್ಲಿ ಸೋರಿಕೆಯೂ ಕಾಣದು, ಬಣ್ಣದ ವ್ಯತ್ಯಾಸವೂ ಕಾಣದು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿಯನ್ನು ಹೊರಗೆ ತೆಗೆಯಿರಿ. ಆ ಗುಂಡಿಯಲ್ಲಿ ನೀರು ನಿಂತ ಗುರುತು ಅಥವಾ ಕೆಂಪು ಪುಡಿ ಇದೆಯೇ ಎಂದು ಬೆರಳಿನಿಂದ ಒರೆಸಿ ನೋಡಿ. ನಾಲ್ಕೂ ಬಾಗಿಲುಗಳನ್ನು ತೆರೆದು ಅವುಗಳ ಕೆಳಅಂಚನ್ನೂ, ಬಾಗಿಲು ಕೂರುವ ಮೆಟ್ಟಿಲಿನ ಕೆಳಭಾಗವನ್ನೂ ಒತ್ತಿ ನೋಡಿ. ನಂತರ ಗ್ಯಾರೇಜಿನಲ್ಲಿ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಮುಂದಿನ ಸಸ್ಪೆನ್ಷನ್ ಕಚ್ಚಿಕೊಂಡಿರುವ ಜಾಗ, ಹಿಂದಿನ ಆ್ಯಕ್ಸಲ್‌ನ ಬುಡ, ಬ್ರೇಕಿನ ಉಕ್ಕಿನ ಪೈಪುಗಳು ಮತ್ತು ಸೈಲೆನ್ಸರ್ ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲನೆ ಬಡಿದಾಗ ಗಟ್ಟಿ ತಗಡು ಖಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ ಅಥವಾ ಉದುರುತ್ತದೆ. ಮೇಲ್ಮೈಯ ತೆಳು ಕಂದು ಬಣ್ಣಕ್ಕೆ ಹೆದರಬೇಕಾಗಿಲ್ಲ, ಕರಾವಳಿಯಲ್ಲಿ ಅದಿಲ್ಲದ ಹಳೆಯ ಗಾಡಿ ಅಪರೂಪ. ಪದರ ಪದರವಾಗಿ ಏಳುವ ತುಕ್ಕು ಸಸ್ಪೆನ್ಷನ್ ಕೂರುವ ಜಾಗದಲ್ಲಿ ಕಂಡರೆ ಮಾತ್ರ ಬೆಲೆ ಎಷ್ಟೇ ಇಳಿದರೂ ಬಿಟ್ಟು ಬನ್ನಿ.

ತಳಕ್ಕೆ ಇತ್ತೀಚೆಗೆ ದಪ್ಪನೆಯ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಅನುಮಾನಿಸುವುದು ನ್ಯಾಯ, ಏಕೆಂದರೆ ತುಕ್ಕಿನ ಮೇಲೆ ಹೊಡೆದ ಕೋಟಿಂಗ್ ತೇವವನ್ನು ಒಳಗೇ ಹಿಡಿದಿಟ್ಟು ಕೊಳೆತವನ್ನು ಬೇಗ ಮಾಡುತ್ತದೆ. ಓಮ್ನಿಯಂಥ ಗಾಡಿಯಾದರೆ ಅದರಲ್ಲಿ ಮೀನು ಸಾಗಿಸುತ್ತಿದ್ದರೇ ಎಂದು ನೇರವಾಗಿ ಕೇಳಿ. ಪೆಟ್ಟಿಗೆಯಿಂದ ಇಳಿದ ಉಪ್ಪುಮಂಜಿನ ನೀರು ನೆಲದ ತಗಡನ್ನು ಒಳಗಿನಿಂದ ತಿಂದಿರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ನೆರೆಯಲ್ಲಿ ಮುಳುಗಿದ ಗಾಡಿಯನ್ನು ಗುರುತಿಸುವುದೂ ಇಲ್ಲಿ ಅಗತ್ಯ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ನದಿಗಳ ದಡದ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿ, ಬೋಲ್ಟುಗಳಿಗೆ ತುಕ್ಕು ಹಿಡಿದಿರುತ್ತದೆ. ಎಸಿ ಹಾಕಿದ ಮೊದಲ ಕ್ಷಣದಲ್ಲಿ ಬೂಸ್ಟು ಹಿಡಿದ ವಾಸನೆ ಬರುತ್ತದೆ. ಇವುಗಳಲ್ಲಿ ಎರಡು ಕೂಡಿ ಬಂದರೆ ಆ ಗಾಡಿಯ ವೈರಿಂಗ್ ಮುಂದೆ ಎಂದೂ ನೆಮ್ಮದಿ ಕೊಡದು.

ಓಡಿಸಿ ನೋಡುವುದು

ಪೇಟೆಯಲ್ಲಿ ಎರಡು ಸುತ್ತು ಹಾಕಿ ನಿರ್ಧರಿಸುವಂತಿಲ್ಲ. ಎಂಜಿನ್ ತಣ್ಣಗಿರುವಾಗಲೇ ನೀವೇ ಚಾಲೂ ಮಾಡಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ. ನಂತರ ಅನುಭವವಿರುವ ಚಾಲಕರೊಬ್ಬರೊಂದಿಗೆ ಏರು ದಾರಿಗೆ ಹೋಗಿ: ಕುಮಟಾದವರಿಗೆ ದೇವಿಮನೆ ಘಟ್ಟ, ಅಂಕೋಲಾದವರಿಗೆ ಅರಬೈಲು, ಕಾರವಾರದವರಿಗೆ ಕದ್ರಾ ದಾಟಿ ಅಣಶಿಯ ಕಡೆ. ಎಸಿ ಹಾಕಿ ಏರುವಾಗ ಬಿಸಿಯ ಮುಳ್ಳು ಅರ್ಧ ದಾಟಬಾರದು. ಮೂರನೆಯ ಗೇರಿನಲ್ಲಿ ಆ್ಯಕ್ಸಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ ಎಂದರ್ಥ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಬಹುದು. ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, ಕಾಲು ತೆಗೆದು ನೋಡಿ. ಖಾಲಿ ನೇರ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿತವನ್ನು ಸಡಿಲಿಸಿದರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆಯೇ ಎಂಬುದನ್ನು ಗಮನಿಸಿ.

ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಕಾನೂನಿನ ಪ್ರಕಾರ ರಸ್ತೆಗೆ ತಾಗುವ ಭಾಗದಲ್ಲಿರುವ ಗೆರೆಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು, ಆದರೆ ನಮ್ಮ ಮಳೆಗೆ ಅದು ಸಾಲದು. ಆರು ವರ್ಷ ದಾಟಿದ ಟಯರು ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ, ಅದನ್ನು ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಾಗದಪತ್ರ

ಮುಂಗಡ ಕೊಡುವ ಮೊದಲು ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿ ವಿಮೆಯ ಅವಧಿ, ನೋಂದಣಿಯ ಅವಧಿ ಮತ್ತು ಸಾಲದ ನಮೂದು ನೋಡಿಕೊಳ್ಳಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ಚಾಸಿ ಸಂಖ್ಯೆಯನ್ನು ಗಾಡಿಯ ಮೇಲಿನ ಸಂಖ್ಯೆಯೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ. ಬ್ಯಾಂಕಿನದೋ ಸಹಕಾರಿ ಸಂಘದ್ದೋ ಸಾಲ ತೀರಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಸಾಲ ಕೊಟ್ಟವರ ಸಹಿಯಿರುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಬೇಕು. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು, ಕೊಂಡವರು 30 ದಿನಗಳೊಳಗೆ ಅರ್ಜಿ ಹಾಕಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಗಾಡಿ ಕೈಬದಲಾದ ದಿನಾಂಕವನ್ನೂ ಗಂಟೆಯನ್ನೂ ಬರೆದ ಪತ್ರಕ್ಕೆ ಇಬ್ಬರೂ ಸಹಿ ಹಾಕಿ. ಆ ಗಂಟೆಗಿಂತ ಹಿಂದಿನ ದಂಡ, ಅಪಘಾತಗಳು ನಿಮ್ಮವಲ್ಲ ಎಂಬುದಕ್ಕೆ ಅದೇ ಸಾಕ್ಷಿ.

15 ವರ್ಷ ಸಮೀಪಿಸಿದ ಗಾಡಿಯಾದರೆ ನೋಂದಣಿ ನವೀಕರಣವನ್ನು ಮರೆಯಬೇಡಿ. 2022ರ ಏಪ್ರಿಲ್‌ನಿಂದ ಕಾರಿಗೆ ಅದರ ಶುಲ್ಕ 5000 ರೂಪಾಯಿಗೆ ಏರಿತು, ಗಾಡಿ ತಪಾಸಣೆಯಲ್ಲಿ ಪಾಸಾಗುವಂತೆ ಮಾಡಿಸುವ ಕೆಲಸ ಬೇರೆ.

ಕಾರವಾರದವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಗಾಡಿಗಳು ಕೆಎ-30 ಅಥವಾ ಕೆಎ-47ರ ಗಾಡಿಗಳಿಗಿಂತ ಅಗ್ಗವಾಗಿ ಕಾಣುತ್ತವೆ. ವರ್ಗಾವಣೆಯಾಗಿ ಬಂದ ನೌಕರರು ಬಿಟ್ಟುಹೋಗುವ ಹೊರರಾಜ್ಯದ ಗಾಡಿಗಳೂ ಹಾಗೆಯೇ. ಆದರೆ ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು, ಅದಕ್ಕೆ ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆ ಗಾಡಿಯ ವಯಸ್ಸು ಹೆಚ್ಚಿದಂತೆ ಕಡಿಮೆಯಾಗುವುದು ನಿಜವಾದರೂ ಹೊಸ ಗಾಡಿಯಂಥದ್ದಕ್ಕೆ ದೊಡ್ಡ ಮೊತ್ತವೇ ಆಗುತ್ತದೆ. ಆರ್‌ಟಿಒದಲ್ಲಿ ಲೆಕ್ಕ ಕೇಳಿಕೊಂಡು, ಆ ಮೊತ್ತವನ್ನು ಗಾಡಿಯ ಬೆಲೆಗೆ ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಕಂಪನಿಗೆ ತಿಳಿಸಬೇಕು. ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅವರದೇ, ಗಾಡಿಯೊಂದಿಗೆ ಬರುವುದಿಲ್ಲ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆಗೆ (ಇತರರಿಗಾದ ಹಾನಿಯ ವಿಮೆ) 1000 ಸಿಸಿವರೆಗೆ 2094 ರೂಪಾಯಿ, 1500 ಸಿಸಿವರೆಗೆ 3416 ರೂಪಾಯಿ, ಮೇಲೆ ಜಿಎಸ್‌ಟಿ. ಚಿಕ್ಕ ಎಂಜಿನ್ನಿನ ಗಾಡಿಗೆ ಇದೂ ಒಂದು ಕಾರಣ. ಮೊದಲ ವರ್ಷ ಸ್ವಂತ ಗಾಡಿಯ ಹಾನಿಗೂ ವಿಮೆ ಮಾಡಿಸುವುದು ಒಳ್ಳೆಯದು, ಹೊಸ ಕೈಗೆ ಬಂಪರು ತಾಗುವುದು ಸಹಜ. ಫಾಸ್ಟ್ಯಾಗ್ ಹಳೆಯ ಮಾಲೀಕರದ್ದಾದರೆ ಅವರು ಅದನ್ನು ಮುಚ್ಚಿಸಲಿ, ನೀವು ಹೊಸದನ್ನು ಅಂಟಿಸಿಕೊಂಡೇ ಹಟ್ಟಿಕೇರಿ, ಹೊಳೆಗದ್ದೆಗಳ ಟೋಲ್ ದಾಟಿ.

ಗಾಡಿ ಮನೆಗೆ ಬಂದ ಮೇಲೆ

ಹಿಂದಿನವರು ಏನು ಮಾಡಿಸಿದ್ದರೆಂಬುದಕ್ಕೆ ಬಿಲ್ಲು ಇಲ್ಲದಿದ್ದರೆ ಏನೂ ಮಾಡಿಸಿಲ್ಲವೆಂದೇ ತಿಳಿದು ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್ ಮತ್ತು ಬ್ರೇಕ್ ಆಯಿಲ್ ಎಲ್ಲವನ್ನೂ ಒಮ್ಮೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಘಟ್ಟದ ಇಳಿಜಾರಿನಲ್ಲಿ ಬಿಸಿಯೇರಿ ಕುದಿದಾಗ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದನ್ನು ತಪ್ಪಿಸಬಾರದು. ಮಾರುತಿ 800 ಮತ್ತು ಹಳೆಯ ಆಲ್ಟೋಗಳ 796 ಸಿಸಿ ಎಂಜಿನ್‌ನಲ್ಲಿ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಇದೆ, ಬದಲಿಸಿದ ದಾಖಲೆ ಇಲ್ಲದಿದ್ದರೆ ಹೊಸದನ್ನು ಹಾಕಿಸಿ. ಈಗ ಬಂಕುಗಳಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬರುತ್ತಿರುವುದರಿಂದ ಹಳೆಯ ಗಾಡಿಯ ರಬ್ಬರಿನ ಪೆಟ್ರೋಲ್ ಪೈಪುಗಳು ಬಿರುಕು ಬಿಟ್ಟಿವೆಯೇ ಎಂದೂ ಮೆಕ್ಯಾನಿಕ್ ನೋಡಲಿ.

ಮೇ ತಿಂಗಳ ಮೂರನೆಯ ವಾರದೊಳಗೆ ವೈಪರ್ ರಬ್ಬರ್ ಹೊಸದಾಗಿರಬೇಕು, ಬಾಗಿಲುಗಳ ತಳದ ನೀರಿನ ತೂತುಗಳನ್ನು ತಂತಿಯಿಂದ ಬಿಡಿಸಿರಬೇಕು, ವೈಪರಿನ ಬುಡದಲ್ಲಿ ಸೇರಿದ ಮಾವಿನ, ಹಲಸಿನ ಎಲೆಗಳನ್ನು ತೆಗೆದಿರಬೇಕು. ಆ ಎಲೆಗಳು ಕಟ್ಟಿಕೊಂಡರೆ ನೀರು ನೇರವಾಗಿ ಕಾಲಿನ ಬುಡಕ್ಕೆ ಇಳಿಯುತ್ತದೆ. ಗಾಡಿಯ ತಳವನ್ನು ತಿಂಗಳಿಗೊಮ್ಮೆ ಸಿಹಿನೀರಿನಿಂದ ತೊಳೆಯಿರಿ. ಕಡಲಂಚಿನ ಊರುಗಳಲ್ಲಿ ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯ ನೀರನ್ನು ಇದಕ್ಕೆ ಬಳಸಬಾರದು, ಸಮುದ್ರದ ಮರಳಿಗೆ ಗಾಡಿ ಇಳಿಸಲೇಬಾರದು. ತೋಟದ ಮನೆಗಳಲ್ಲಿ ಬೋನೆಟ್ಟಿನೊಳಗೆ ಇಲಿ ಸೇರಿ ವೈರು ಕಡಿಯುವ ತೊಂದರೆಯೂ ಇದೆ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸದೆ ಎರಡು ದಿನಕ್ಕೊಮ್ಮೆ ಬೋನೆಟ್ ಎತ್ತಿ ನೋಡುವುದೇ ಇದಕ್ಕೆ ನಂಬಬಹುದಾದ ಉಪಾಯ.

ಕಲಿಕಾ ಪರವಾನಗಿಗೆ ಆರು ತಿಂಗಳ ಅವಧಿ ಇದೆ, 30 ದಿನ ಕಳೆದ ಮೇಲೆ ಪೂರ್ಣ ಲೈಸೆನ್ಸಿಗೆ ಪರೀಕ್ಷೆ ಕೊಡಬಹುದು. ಆದರೆ ಲೈಸೆನ್ಸ್ ಬಂದ ಮಾತ್ರಕ್ಕೆ ಘಟ್ಟ ಬರುವುದಿಲ್ಲ. ಮೊದಲು ಹಗಲಿನಲ್ಲಿ, ಒಣ ರಸ್ತೆಯಲ್ಲಿ, ಪಕ್ಕದಲ್ಲಿ ಅನುಭವಿಗಳನ್ನು ಕೂರಿಸಿಕೊಂಡು ಹತ್ತಿ ಇಳಿಯಿರಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವವರ ಮಾತನ್ನು ಎಂದಿಗೂ ಕೇಳಬೇಡಿ, ಹಾಗೆ ಇಳಿದರೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ತಿರುವಿನಲ್ಲಿ ಹಾರ್ನ್ ಹಾಕಿ, ಏರಿ ಬರುವ ಗಾಡಿಗೆ ದಾರಿ ಬಿಡಿ, ಬಸ್ಸು ಲಾರಿಗಳ ಹಿಂದೆ ತಾಳ್ಮೆಯಿಂದ ಇರಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿಯ ಬದಿಯಲ್ಲೇ; ಜೋರು ಮಳೆಯ ದಿನ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದಾಗಲಿ ಫೋನಿಗೆಂದಾಗಲಿ ಗಾಡಿ ನಿಲ್ಲಿಸಬೇಡಿ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದು ಅಂಚು ಕಾಣದಿದ್ದರೆ ಹಿಂದಕ್ಕೆ ತಿರುಗಿ. ಒಂದು ವೇಳೆ ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬಾರದು: ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಆ ಒಂದು ತಿರುವಿಗೇ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು, ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಎಲ್ಲರೂ ಸುರಕ್ಷಿತವಾಗಿ ಇಳಿದು, ಗಾಡಿಯನ್ನು ತಳ್ಳಿ ಅಥವಾ ಕ್ರೇನಿನಿಂದ ಎಳೆಸಿ ಗ್ಯಾರೇಜಿಗೆ ಒಯ್ದು, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆಸಿ, ಆಯಿಲ್ ಬದಲಿಸಿದ ಮೇಲಷ್ಟೇ ಚಾಲೂ ಮಾಡಿಸಬೇಕು. ನದಿಯ ಬಯಲಿನಲ್ಲಿ ಮನೆಯಿರುವವರು ವಿಮೆ ಮಾಡಿಸುವಾಗಲೇ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗವನ್ನು ಕೇಳಿ ಸೇರಿಸಿಕೊಳ್ಳಿ.