ಮಾದರಿ ಚಿತ್ರವಿಲ್ಲದ ಕಲಾಶಿಬಿರ: ಬಾಲವೇದಿಯಲ್ಲಿ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ ಸಮೀಪದ ನಮ್ಮೂರ ಗ್ರಂಥಾಲಯದ ಮಕ್ಕಳ ಕೂಟವಾದ ಬಾಲವೇದಿಯಲ್ಲಿ ರಜಾದಿನಗಳಂದು ಮಕ್ಕಳ ಕಲಾ ಚಟುವಟಿಕೆ ನಡೆಸುವಾಗ, ನೋಡಿ ಬರೆಯಲು ಯಾವ ಮಾದರಿಯನ್ನೂ ನಾನು ಇಡುವುದಿಲ್ಲ. ಸಿದ್ಧ ಚಿತ್ರವೊಂದು ಎದುರಿಗಿದ್ದರೆ, ತನ್ನದು ಅದರಂತೆ ಬಂತೇ ಇಲ್ಲವೇ ಎಂಬ ಚಿಂತೆಯಲ್ಲಿಯೇ ಮಗುವಿನ ಹೊತ್ತು ಕಳೆಯುತ್ತದೆ.

ಆದ್ದರಿಂದ ನನ್ನ ಸಿದ್ಧತೆಯೆಲ್ಲ ಸಾಮಗ್ರಿಯ ಆಯ್ಕೆಯಲ್ಲಿದೆ. ಒಂದು ದಿನಕ್ಕೆ ಒಂದೆರಡು ವಸ್ತುಗಳು ಸಾಕು, ಆದರೆ ಅವು ಧಾರಾಳವಾಗಿರಬೇಕು. ಮುರಮಣ್ಣನ್ನು ಬಟ್ಟೆಯಲ್ಲಿ ಜಾಲಿಸಿ ಗಂಜಿತಿಳಿಯಲ್ಲಿ ಕಲಸಿದರೆ ಕಾಗದಕ್ಕೆ ಹಿಡಿಯುವ ಕೆಂಗಂದು ಬಣ್ಣ ಸಿಗುತ್ತದೆ. ತೆಂಗಿನ ಗೆರಟೆಯ (ಚಿಪ್ಪಿನ) ಮಸಿಯಿಂದ ಕಪ್ಪು. ಅರಶಿನ ನೀರು ಬಳಿದ ಕಾಗದಕ್ಕೆ ಸುಣ್ಣದ ತಿಳಿ ತಾಗಿದಲ್ಲೆಲ್ಲ ಹಳದಿ ಕೆಂಪಾಗುವುದನ್ನು ನಾನು ಮೊದಲೇ ಹೇಳುವುದಿಲ್ಲ, ಮಕ್ಕಳೇ ಕಂಡುಕೊಳ್ಳಲಿ. ಸುಣ್ಣ ಕಣ್ಣಿಗೆ ಅಪಾಯಕಾರಿಯಾದ್ದರಿಂದ, ತೀರಾ ತೆಳುವಾದ ತಿಳಿಯನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ, ದೊಡ್ಡ ಮಕ್ಕಳಿಗೆ ಮಾತ್ರ, ಪಕ್ಕದಲ್ಲಿ ನಿಂತೇ ಕೊಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು ಅಡಿಕೆ ಹಾಳೆ. ನೆನೆಸಿದಾಗ ಹೇಳಿದಂತೆ ಬಾಗುವ ಹಾಳೆ ಒಣಗಿದ ಮೇಲೆ ಬಾಗಿದ ಆಕಾರದಲ್ಲಿಯೇ ಗಟ್ಟಿಯಾಗುತ್ತದೆ. ಹುಡುಗಿಯೊಬ್ಬಳು ಒದ್ದೆ ಹಾಳೆಯನ್ನು ಮೂರು ಸುತ್ತು ಮಡಚಿ ಬಾಳೆನಾರಿನಿಂದ ಬಿಗಿದಿಟ್ಟಳು. ಮುಂದಿನ ವಾರ ನಾರು ಬಿಚ್ಚಿದಾಗ ಮಡಿಕೆಗಳು ಹಾಗೆಯೇ ನಿಂತಿದ್ದವು. ಅವುಗಳ ಸಂದಿಯಲ್ಲಿ ಬೆರಳಾಡಿಸುತ್ತಾ ಬಹಳ ಹೊತ್ತು ಕುಳಿತವಳು, ಬಳಿಕ ಒಳಮೈಗೆ ಮಾತ್ರ ಮಣ್ಣಿನ ಬಣ್ಣ ಹಚ್ಚಿದಳು.

ಇಂಥ ಹೊತ್ತಿನಲ್ಲಿ ಹಿರಿಯರು ಬಾಯಿ ಬಿಡದಿರುವುದೇ ಕಷ್ಟ. “ಇದೇನು?” ಎಂದು ಕೇಳಿದರೆ ಮಗು ಒಂದು ಹೆಸರು ಹುಡುಕಲೇಬೇಕಾಗುತ್ತದೆ, “ಇದನ್ನು ಹೇಗೆ ಮಾಡಿದೆ?” ಎಂದರೆ ಮಾತು ತಾನಾಗಿ ಬರುತ್ತದೆ. “ಟೀಚರೇ, ಇದು ಮುಗಿಯಿತಾ?” ಎಂದವರಿಗೆ “ನಿನಗೆ ಹೇಗೆ ಕಾಣ್ತದೆ?” ಎನ್ನುತ್ತೇನೆ.

ನಮ್ಮಲ್ಲಿ ತುಳು, ಮಲಯಾಳ, ಬ್ಯಾರಿ, ಹವ್ಯಕ, ಮರಾಠಿ ಮನೆಮಾತಿನ ಮಕ್ಕಳು ಬರುತ್ತಾರೆ. ಶಾಲೆಯಲ್ಲಿ ಕನ್ನಡ, ಮಲಯಾಳ ಮಾಧ್ಯಮಗಳೆಂದು ಬೇರೆ ಬೇರೆ ಕೋಣೆಗಳಲ್ಲಿ ಕೂರುವವರು ಇಲ್ಲಿ ಒಂದೇ ಚಾಪೆಯಲ್ಲಿ ಕೂರುತ್ತಾರೆ. ಕೈಕೆಲಸದ ಬಗ್ಗೆ ಮಗು ತನ್ನ ಮನೆಮಾತಿನಲ್ಲಿ ಹೇಳಿದ್ದನ್ನು ಹಾಗೆಯೇ ಕಾಗದದ ಹಿಂಬದಿಯಲ್ಲಿ ಬರೆದು ದಿನಾಂಕ ಹಾಕುತ್ತೇನೆ. “ಏನು ಕಲಿತ?” ಎಂದು ವಿಚಾರಿಸುವ ಹೆತ್ತವರಿಗೆ ಅದನ್ನೇ ತೋರಿಸುತ್ತೇನೆ.

ಪಿ. ಎನ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ 1945ರಲ್ಲಿ ತಿರುವಾಂಕೂರಿನಲ್ಲಿ ಸಂಘಟಿತವಾದ ಗ್ರಂಥಾಲಯ ಚಳವಳಿಯ ಬಲದಿಂದ ಕೇರಳದಲ್ಲಿ ಊರವರ ಸಮಿತಿಗಳೇ ವಾಚನಾಲಯಗಳನ್ನು ನಡೆಸಿಕೊಂಡು ಬಂದಿವೆ. ಹಾಗಾಗಿ ಇಂಥ ಕೆಲಸಕ್ಕೆ ಒಪ್ಪಿಸಬೇಕಾದವರು ನೆರೆಹೊರೆಯವರೇ. ಪುಸ್ತಕ ಒದ್ದೆಯಾದೀತೆಂಬ ಅವರ ಆತಂಕ ನ್ಯಾಯವಾದದ್ದು. ಜಗಲಿಯಲ್ಲಿ ಟಾರ್ಪಾಲು ಹಾಸಿ, ಕೈತೊಳೆಯುವ ಬಕೆಟ್ಟನ್ನು ಅಂಗಳದಲ್ಲಿಟ್ಟು, ಕೆಲಸವಾದ ಮೇಲಷ್ಟೇ ಪುಸ್ತಕಗಳನ್ನು ಹೊರತರುತ್ತೇವೆ.

ಬಹುಮಾನವನ್ನು ನಾನು ಒಪ್ಪುವುದಿಲ್ಲ. ಸ್ಪರ್ಧೆಗೆ ಶಾಲಾ ಕಲೋತ್ಸವವಿದೆ. ಗ್ರಂಥಾಲಯದಲ್ಲಿ ಅಂಕ ಹಾಕದ ಜಾಗವೊಂದು ಇರಲೇಬೇಕು. ಅದಕ್ಕೂ ಮುಖ್ಯವಾಗಿ, ಮುಗಿಯದ ಕೆಲಸಗಳಿಗೊಂದು ಕಪಾಟಿನ ಅರೆ ಬೇಕು. ಮುಂದಿನ ವಾರ ಬಂದ ಮಗು ಮೊದಲು ಹೋಗುವುದು ಆ ಅರೆಯ ಬಳಿಗೆ. ಹೊಸ ಸಾಮಗ್ರಿಯನ್ನು ನಾನು ಆಮೇಲೆಯೇ ಹೊರತೆಗೆಯುತ್ತೇನೆ.