ಬೋರ್ಡನ್ನೇ ಕೇಳಿ: ಸ್ಮಾರ್ಟ್ ಹೋಮ್ ಬೋರ್ಡುಗಳಲ್ಲಿ ಕಮಾಂಡ್ ಕನ್ಸೋಲ್ ಬಳಸುವ ಬಗೆ

ತುಮಕೂರಿನಲ್ಲಿ ಸ್ಮಾರ್ಟ್ ಹೋಮ್ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳೂ ಹವ್ಯಾಸಿಗಳೂ ಹೆಚ್ಚಾಗಿ ಆರಂಭಿಸುವುದು ನೀರಿನ ಮೋಟಾರಿನಿಂದ. ಸಂಪಿನ ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುವ ಮೋಟಾರಿನ ಸ್ಟಾರ್ಟರಿಗೆ ಒಂದು ರಿಲೇ (ಸಣ್ಣ ವಿದ್ಯುತ್ ಸಂಕೇತದಿಂದ ತೆರೆದು ಮುಚ್ಚುವ ಸ್ವಿಚ್) ಜೋಡಿಸಿ, ಆ ರಿಲೇಯನ್ನು ವೈಫೈ ಇರುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ನಡೆಸುತ್ತಾರೆ. ಮೇಜಿನ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮೋಟಾರಿನ ಬಳಿ ಕೂರಿಸಿದ ಮೇಲೆ ಮಾತ್ರ ಫೋನಿನ ಆ್ಯಪ್ ‘ಆಫ್‌ಲೈನ್’ ಎಂದು ತೋರಿಸತೊಡಗುತ್ತದೆ, ಏಕೆಂದು ಹೇಳುವುದಿಲ್ಲ. ಆಗ ಅನೇಕರು ಕೋಡ್ ತೆರೆದು ಅಲ್ಲೊಂದು ಇಲ್ಲೊಂದು ಸಾಲು ತಿದ್ದಿ ಮತ್ತೆ ಮತ್ತೆ ಫ್ಲ್ಯಾಶ್ ಮಾಡುತ್ತಾರೆ, ಅಂದರೆ ಬೋರ್ಡಿಗೆ ತುಂಬುತ್ತಾರೆ. ಅದಕ್ಕೆ ಮೊದಲು ಬೋರ್ಡನ್ನೇ ಕೇಳಬೇಕು, ಮತ್ತು ಹಾಗೆ ಕೇಳುವ ದಾರಿಯೇ ಕಮಾಂಡ್ ಕನ್ಸೋಲ್ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಾಗ್ ಮತ್ತು ಕನ್ಸೋಲ್ ಎರಡೂ ಒಂದೇ ಕಿಟಕಿಯಲ್ಲಿ ಕಾಣುವುದರಿಂದ ಗೊಂದಲವಾಗುವುದು ಸಹಜ. ಲಾಗ್ ಎಂದರೆ ಬೋರ್ಡ್ ತಾನಾಗಿಯೇ ಹೇಳುವ ಮಾತು. ಕನ್ಸೋಲ್ ಎಂದರೆ ನಾವು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಾಗ ಬೋರ್ಡ್ ಅದಕ್ಕೆ ಉತ್ತರಿಸುವ ವ್ಯವಸ್ಥೆ. ಲಾಗ್ ಬಹುಪಾಲು ಬೋರ್ಡುಗಳಲ್ಲಿ ಇದ್ದೇ ಇರುತ್ತದೆ, ಕನ್ಸೋಲನ್ನು ಫರ್ಮ್‌ವೇರ್‌ನಲ್ಲಿ (ಬೋರ್ಡಿನೊಳಗೆ ನಡೆಯುವ ಪ್ರೋಗ್ರಾಂನಲ್ಲಿ) ಸೇರಿಸಿರಬೇಕಾಗುತ್ತದೆ. ಈ ಚಿಪ್ಪುಗಳನ್ನು ತಯಾರಿಸುವ ಎಸ್ಪ್ರೆಸಿಫ್ ಕಂಪನಿಯ ಫರ್ಮ್‌ವೇರ್ ಬರೆಯುವ ಸಲಕರಣೆಯಾದ ಇಎಸ್‌ಪಿ-ಐಡಿಎಫ್‌ನಲ್ಲಿ ಇದಕ್ಕಾಗಿಯೇ ಕನ್ಸೋಲ್ ಎಂಬ ಘಟಕವಿದೆ, ಅದರ ಜೊತೆಗೆ ಸಿದ್ಧ ಉದಾಹರಣೆಗಳೂ ಬರುತ್ತವೆ. ಹೊಸಬರು ಅವುಗಳಲ್ಲಿ ಒಂದನ್ನು ಹಾಗೆಯೇ ಬಿಲ್ಡ್ ಮಾಡಿ ಬೋರ್ಡಿಗೆ ಹಾಕಿಕೊಂಡು ಅಭ್ಯಾಸ ಮಾಡುವುದು ಒಳ್ಳೆಯದು. ಇಲ್ಲಿ ಕಮಾಂಡುಗಳನ್ನು ಓದುವ ಧ್ವನಿಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಬೇಕು.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಬೋರ್ಡ್ 230 ವೋಲ್ಟ್ ಲೈನಿಗೆ ಸೇರಿರುವಾಗ ಅದಕ್ಕೆ ಯುಎಸ್‌ಬಿ ಕೇಬಲ್ ಚುಚ್ಚಬಾರದು. ಗೋಡೆಯ ಸ್ವಿಚ್ಚಿನೊಳಗೆ ಕೂರುವ ಎಷ್ಟೋ ಸಾಧನಗಳಲ್ಲಿ ವಿದ್ಯುತ್ ಪೂರೈಕೆ ಲೈನಿನಿಂದ ಪ್ರತ್ಯೇಕವಾಗಿರುವುದಿಲ್ಲ. ಅಂಥ ಬೋರ್ಡಿನ ಗ್ರೌಂಡ್ ಪಿನ್ನಿನಲ್ಲೇ ಲೈನಿನ ವೋಲ್ಟೇಜ್ ಇರಬಹುದು, ಅದು ಕೇಬಲ್ ಮೂಲಕ ಲ್ಯಾಪ್‌ಟಾಪಿಗೂ ನಿಮ್ಮ ಕೈಗೂ ತಲುಪುತ್ತದೆ. ಲೈನನ್ನು ಪೂರ್ತಿ ಬಿಚ್ಚಿ, ಮೇಜಿನ ಮೇಲೆ ತಂದು, ಆಮೇಲೆಯೇ ಕನ್ಸೋಲ್ ತೆರೆಯಿರಿ. ಈ ಒಂದು ವಿಷಯದಲ್ಲಿ ಅವಸರಕ್ಕೆ ಜಾಗವಿಲ್ಲ.

ಇನ್ನು ಕೇಬಲ್. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ ಮೊದಲ ಬೋರ್ಡ್ ಎರಡು ದಿನ ಸಂಜೆಯಿಡೀ ಲ್ಯಾಪ್‌ಟಾಪಿಗೆ ಕಾಣಿಸದೆ ಹೋದಾಗ, ಬೋರ್ಡೇ ಕೆಟ್ಟಿದೆಯೆಂದು ತಿಳಿದು ಹಿಂದಿರುಗಿಸಲು ಚೀಲಕ್ಕೆ ಹಾಕಿದ್ದೆ. ಕೆಟ್ಟಿದ್ದು ಯಾವುದೂ ಅಲ್ಲ. ಮನೆಯಲ್ಲಿದ್ದ ಹಳೆಯ ಫೋನಿನ ಕೇಬಲ್ ಚಾರ್ಜಿಂಗಿಗೆ ಮಾತ್ರ ಆಗುವಂಥದ್ದು, ಅದರೊಳಗೆ ಡೇಟಾ ತಂತಿಗಳೇ ಇರಲಿಲ್ಲ. ಬೋರ್ಡಿನ ಕೆಂಪು ದೀಪ ಉರಿಯುತ್ತಿದ್ದುದರಿಂದ ಕೇಬಲ್ ಮೇಲೆ ಅನುಮಾನವೇ ಬರಲಿಲ್ಲ. ಆದ್ದರಿಂದ ಫೋನಿನಿಂದ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದ ಕೇಬಲನ್ನೇ ಬಳಸಿ. ಸರಿಯಾದ ಕೇಬಲ್ ಇದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಹೊಸದೊಂದು ಕಾಮ್ ಪೋರ್ಟ್ ಕಾಣಿಸುತ್ತದೆ. ಕಾಣದಿದ್ದರೆ ಬೋರ್ಡಿನ ಮೇಲಿರುವ ಸಿಪಿ2102 ಅಥವಾ ಸಿಎಚ್340 ಚಿಪ್ಪಿಗೆ ತಕ್ಕ ಡ್ರೈವರ್ ಹಾಕಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಡ್ರೈವರ್ ಬೇಕಾಗುವುದಿಲ್ಲ, ಆದರೆ ಅನುಮತಿ ಬೇಕಾಗುತ್ತದೆ: ಉಬುಂಟುವಿನಲ್ಲಾದರೆ ನಿಮ್ಮ ಬಳಕೆದಾರ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಮತ್ತೆ ಬನ್ನಿ.

ಇಎಸ್‌ಪಿ32-ಸಿ6ರ ಡೆವ್‌ಕಿಟ್‌ನಂಥ ಬೋರ್ಡುಗಳಲ್ಲಿ ಎರಡು ಯುಎಸ್‌ಬಿ ಸಾಕೆಟ್‌ಗಳಿರುತ್ತವೆ. ಒಂದು, ಯುಎಸ್‌ಬಿಯನ್ನು ಸೀರಿಯಲ್ ಸಂಕೇತಕ್ಕೆ ಬದಲಿಸುವ ಯುಎಆರ್‌ಟಿ ಚಿಪ್ಪಿನ ಮೂಲಕ ಹೋಗುತ್ತದೆ, ಇನ್ನೊಂದು ನೇರವಾಗಿ ಮುಖ್ಯ ಚಿಪ್ಪಿಗೆ. ತಾನಾಗಿ ಇರುವ ಹೊಂದಾಣಿಕೆಯಲ್ಲಿ ಎರಡನೆಯ ಸಾಕೆಟಿನಲ್ಲೂ ಲಾಗ್ ಬರುತ್ತದೆ, ಆದರೆ ಅಲ್ಲಿ ನಾವು ಟೈಪ್ ಮಾಡಿದ್ದು ಬೋರ್ಡಿಗೆ ಮುಟ್ಟುವುದಿಲ್ಲ. ‘ಲಾಗ್ ಕಾಣುತ್ತಿದೆ, ಕಮಾಂಡ್ ಮಾತ್ರ ಕೆಲಸ ಮಾಡುತ್ತಿಲ್ಲ’ ಎನ್ನುವವರು ಮೊದಲು ಸಾಕೆಟ್ ಬದಲಿಸಿ ನೋಡಲಿ. ಸಾಕೆಟ್ಟೇ ಇಲ್ಲದ ಸಣ್ಣ ಮಾಡ್ಯೂಲ್ ಆಗಿದ್ದರೆ ಬೇರೆ ಯುಎಸ್‌ಬಿ ಅಡಾಪ್ಟರ್ ಬೇಕು. ಅದರ ಟಿಎಕ್ಸ್ (ಕಳಿಸುವ ಪಿನ್) ಬೋರ್ಡಿನ ಆರ್‌ಎಕ್ಸ್‌ಗೆ (ಪಡೆಯುವ ಪಿನ್ನಿಗೆ), ಆರ್‌ಎಕ್ಸ್ ಬೋರ್ಡಿನ ಟಿಎಕ್ಸ್‌ಗೆ ಅಡ್ಡವಾಗಿ ಸೇರಬೇಕು. ಗ್ರೌಂಡ್ ಗ್ರೌಂಡಿಗೇ ಸೇರಬೇಕು. ಅಡಾಪ್ಟರಿನ ಜಂಪರ್ 3.3 ವೋಲ್ಟಿನಲ್ಲಿರಬೇಕು, ಏಕೆಂದರೆ ಇಎಸ್‌ಪಿ32ರ ಪಿನ್ನುಗಳು 5 ವೋಲ್ಟಿಗೆ ಆದವಲ್ಲ.

ಟರ್ಮಿನಲ್ ಪ್ರೋಗ್ರಾಂ ಆಗಿ ವಿಂಡೋಸ್‌ನಲ್ಲಿ ಪುಟಿ, ಲಿನಕ್ಸ್‌ನಲ್ಲಿ ಪಿಕೋಕಾಮ್ ಅಥವಾ ಮಿನಿಕಾಮ್ ಸಾಕು. ವೇಗ 115200, ಡೇಟಾ 8 ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಪುಟಿ ಮೊದಲಿಗೆ 9600 ವೇಗದಲ್ಲಿ ತೆರೆದುಕೊಳ್ಳುವುದರಿಂದ ಅದನ್ನು ಮರೆಯದೆ ಬದಲಿಸಬೇಕು, ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಹಳೆಯ ಇಎಸ್‌ಪಿ8266 ಬೋರ್ಡುಗಳು ಪವರ್ ಕೊಟ್ಟ ಕ್ಷಣದ ಮೊದಲ ಸಾಲುಗಳನ್ನು 74880 ವೇಗದಲ್ಲಿ ಕಳಿಸುವುದರಿಂದ, ಆರಂಭದಲ್ಲಿ ಮಾತ್ರ ಕಸ ಕಂಡರೆ ಗಾಬರಿಯಾಗಬೇಕಿಲ್ಲ. ಫ್ಲೋ ಕಂಟ್ರೋಲ್ (ಎದುರಿನ ಸಾಧನ ಸಿದ್ಧವೆಂದು ತಿಳಿದ ಮೇಲೆಯೇ ಕಳಿಸುವ ವ್ಯವಸ್ಥೆ) ಪೂರ್ತಿ ಆಫ್ ಇರಲಿ. ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಆಗಿಯೇ ಬರುವುದರಿಂದ ಎಷ್ಟು ಟೈಪ್ ಮಾಡಿದರೂ ಬೋರ್ಡ್ ಮೌನವಾಗಿರುತ್ತದೆ. ಒಂದು ಪೋರ್ಟನ್ನು ಎರಡು ಪ್ರೋಗ್ರಾಂಗಳಿಂದ ತೆರೆಯಲು ಹೋಗಬೇಡಿ. ಆರ್ಡುಯಿನೋದ ಸೀರಿಯಲ್ ಮಾನಿಟರ್ ತೆರೆದಿದ್ದರೆ ಅದನ್ನು ಮೊದಲು ಮುಚ್ಚಿ.

ಈಗ ಬೋರ್ಡಿನ ರೀಸೆಟ್ ಗುಂಡಿ ಒತ್ತಿ, ಕೈ ಕಟ್ಟಿ ಕುಳಿತು, ಮೊದಲ ಹತ್ತು ಸಾಲುಗಳನ್ನು ನಿಧಾನವಾಗಿ ಓದಿ. ನನ್ನ ಅನುಭವದಲ್ಲಿ ಅರ್ಧದಷ್ಟು ದೋಷಗಳು ಇಲ್ಲಿಯೇ ಬಯಲಾಗುತ್ತವೆ. ‘ಆರ್‌ಎಸ್‌ಟಿ’ ಎಂದು ಆರಂಭವಾಗುವ ಸಾಲು ಬೋರ್ಡ್ ಏಕೆ ರೀಸೆಟ್ ಆಯಿತು ಎಂಬುದನ್ನು ಹೇಳುತ್ತದೆ. ‘ಪವರ್‌ಆನ್’ ಎಂದಿದ್ದರೆ ಸಹಜ. ‘ವೇಟಿಂಗ್ ಫಾರ್ ಡೌನ್‌ಲೋಡ್’ ಎಂದು ನಿಂತುಬಿಟ್ಟರೆ ಇಎಸ್‌ಪಿ32ರಲ್ಲಿ ಜಿಪಿಐಒ 0 ಎಂಬ ಪಿನ್ (ಜಿಪಿಐಒ ಎಂದರೆ ಹೊರಗಿನ ತಂತಿ ಜೋಡಿಸುವ ಪಿನ್ನುಗಳು) 0 ವೋಲ್ಟಿಗೆ ಎಳೆಯಲ್ಪಟ್ಟಿದೆ ಎಂದರ್ಥ, ಅಲ್ಲಿಗೆ ಏನನ್ನೋ ಜೋಡಿಸಿರುತ್ತೀರಿ. ಜಿಪಿಐಒ 12ಕ್ಕೆ ಬೂಟ್ ಸಮಯದಲ್ಲಿ ಮೇಲ್ಮಟ್ಟದ ವೋಲ್ಟೇಜ್ ಸಿಕ್ಕಿದರೆ ಇಎಸ್‌ಪಿ32 ಫ್ಲ್ಯಾಶ್ ಮೆಮೊರಿಗೆ 3.3ರ ಬದಲು 1.8 ವೋಲ್ಟ್ ಕೊಡಲು ಹೋಗುವುದರಿಂದ, ಸಾಮಾನ್ಯ ಮಾಡ್ಯೂಲುಗಳು ಆರಂಭವಾಗುವುದೇ ಇಲ್ಲ. ಜಿಪಿಐಒ 1 ಮತ್ತು 3 ಕನ್ಸೋಲಿನದೇ ಪಿನ್ನುಗಳು. ಲಾಗ್ ಹೊರಬರುವ 1ರಲ್ಲಿ ರಿಲೇ ಕೂರಿಸಿದರೆ ಲಾಗ್ ಹರಿಯುವಾಗ ಅದು ತಾನೇ ಟಕಟಕನೆ ಬಡಿದುಕೊಳ್ಳುತ್ತದೆ.

ಕ್ಯಾತ್ಸಂದ್ರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಡೆದದ್ದನ್ನು ಇಲ್ಲಿಯೇ ಹೇಳುತ್ತೇನೆ. ‘ಮೋಟ್ರು ಹಾಕಿದ ತಕ್ಷಣ ಆಫ್ ಆಗುತ್ತೆ ಕಣಪ್ಪ’ ಎಂದರು. ಲೈನ್ ಬಿಚ್ಚಿ, ಅದೇ 5 ವೋಲ್ಟ್ ಅಡಾಪ್ಟರಿನಲ್ಲಿ ಬೋರ್ಡನ್ನೂ ರಿಲೇಯನ್ನೂ ನಡೆಸಿ ಲಾಗ್ ನೋಡಿದೆ. ರಿಲೇ ‘ಟಕ್’ ಎಂದಿತು, ಮರುಕ್ಷಣವೇ ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ ಎಂಬ ಸಾಲು ಬಂತು, ಅದರ ಕೆಳಗೆ ಹೊಸ ಬೂಟ್ ಲಾಗ್ ಆರಂಭವಾಯಿತು. ಅಂದರೆ ಪೂರೈಕೆಯ ವೋಲ್ಟೇಜ್ ಕುಸಿದು ಬೋರ್ಡ್ ತನ್ನನ್ನು ತಾನೇ ರೀಸೆಟ್ ಮಾಡಿಕೊಂಡಿತ್ತು. ವೈಫೈ ಕಳಿಸುವ ಕ್ಷಣಗಳಲ್ಲಿ ಇಎಸ್‌ಪಿ32 ಕೆಲವು ನೂರು ಮಿಲಿಆಂಪಿಯರ್ ಎಳೆಯುತ್ತದೆ; ಅದೇ ಹೊತ್ತಿಗೆ ರಿಲೇಯ ಕಾಯಿಲ್ ಸೇರಿಕೊಂಡರೆ, ಸಣಕಲು ಅಡಾಪ್ಟರೂ ಉದ್ದನೆಯ ತೆಳು ತಂತಿಯೂ ತಡೆಯುವುದಿಲ್ಲ. ರಿಲೇಗೆ ಬೇರೆ ಪೂರೈಕೆ ಕೊಟ್ಟು, ಬೋರ್ಡಿನ ಬಳಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಆ ಸಾಲು ಮತ್ತೆ ಕಾಣಲಿಲ್ಲ. ಕೋಡಿನ ಒಂದಕ್ಷರವನ್ನೂ ಮುಟ್ಟಬೇಕಾಗಲಿಲ್ಲ.

ಬೂಟ್ ಮುಗಿದು ಪ್ರಾಂಪ್ಟ್ (ನಾವು ಟೈಪ್ ಮಾಡಲು ಕಾಯುವ ಗುರುತು) ಬಂದ ಮೇಲೆ ‘ಹೆಲ್ಪ್’ ಎಂದು ಕೇಳಿ. ಆ ಫರ್ಮ್‌ವೇರ್‌ನಲ್ಲಿರುವ ಎಲ್ಲ ಕಮಾಂಡುಗಳೂ ಅವುಗಳ ವಿವರವೂ ಸಿಗುತ್ತವೆ. ಮೇಲ್ಮುಖ ಬಾಣದ ಕೀ ಹಿಂದಿನ ಕಮಾಂಡನ್ನು ಮರಳಿ ತರುತ್ತದೆ, ಟ್ಯಾಬ್ ಕೀ ಅರ್ಧ ಟೈಪಿಸಿದ್ದನ್ನು ಪೂರ್ತಿ ಮಾಡುತ್ತದೆ. ಐಡಿಎಫ್ ಉದಾಹರಣೆಯಲ್ಲಿ ನಾನು ಹೆಚ್ಚು ಬಳಸುವುದು ‘ಫ್ರೀ’ ಮತ್ತು ‘ಹೀಪ್’. ಮೊದಲನೆಯದು ಈ ಕ್ಷಣ ಎಷ್ಟು ಮೆಮೊರಿ ಖಾಲಿಯಿದೆ ಎನ್ನುತ್ತದೆ. ಎರಡನೆಯದು ಬೋರ್ಡ್ ಆರಂಭವಾದಾಗಿನಿಂದ ಖಾಲಿ ಮೆಮೊರಿ ಎಷ್ಟು ಕೆಳಕ್ಕೆ ಇಳಿದಿತ್ತು ಎನ್ನುತ್ತದೆ. ದಿನಕ್ಕೊಮ್ಮೆ ತಾನಾಗಿ ರೀಸ್ಟಾರ್ಟ್ ಆಗುವ ಸಾಧನದಲ್ಲಿ ಗಂಟೆಗೊಮ್ಮೆ ‘ಫ್ರೀ’ ಕೇಳಿ ಪುಸ್ತಕದಲ್ಲಿ ಬರೆದುಕೊಂಡು ಹೋಗಿ. ಸಂಖ್ಯೆ ಏರಿಳಿಯುತ್ತಿದ್ದರೆ ಚಿಂತೆಯಿಲ್ಲ, ಇಳಿಯುತ್ತಲೇ ಹೋಗುತ್ತಿದ್ದರೆ ಕೋಡಿನಲ್ಲಿ ಎಲ್ಲೋ ಪಡೆದ ಮೆಮೊರಿಯನ್ನು ಹಿಂದಿರುಗಿಸುತ್ತಿಲ್ಲ.

ವೈಫೈಗೆ ಸೇರಿಸಲು ‘ಜಾಯಿನ್’ ಎಂದು ಬರೆದು, ನೆಟ್‌ವರ್ಕಿನ ಹೆಸರು ಮತ್ತು ಪಾಸ್‌ವರ್ಡ್ ಕೊಡಬೇಕು. ಹೆಸರಿನ ನಡುವೆ ಜಾಗವಿದ್ದರೆ ಎರಡೂ ಬದಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಿ. ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆಯೆಂಬುದು ನೆನಪಿರಲಿ. ಇಎಸ್‌ಪಿ32 ಮತ್ತು ಸಿ6 ಎರಡಕ್ಕೂ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಆದ್ದರಿಂದ ರೂಟರಿನ 5 ಗಿಗಾಹರ್ಟ್ಸ್ ಹೆಸರು ಕೊಟ್ಟರೆ ಸಿಗದು. ಲಾಗ್‌ನಲ್ಲಿ ಸಂಪರ್ಕ ತಪ್ಪಿದ ಕಾರಣದ ಸಂಖ್ಯೆ 201 ಎಂದಿದ್ದರೆ ಆ ಹೆಸರಿನ ನೆಟ್‌ವರ್ಕ್ ಕಾಣಿಸುತ್ತಿಲ್ಲ. 15 ಎಂದಿದ್ದರೆ ಬಹುತೇಕ ಪಾಸ್‌ವರ್ಡ್ ತಪ್ಪು. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ 201 ಕಂಡಾಗ, ಬೋರ್ಡನ್ನು ರೂಟರಿನ ಪಕ್ಕಕ್ಕೆ ಒಯ್ದು ಅದೇ ಕಮಾಂಡನ್ನು ಮತ್ತೊಮ್ಮೆ ಕೊಡುವುದೇ ಅತ್ಯಂತ ಸರಳ ಪರೀಕ್ಷೆ.

ಥ್ರೆಡ್ ಎಂಬ, ಸ್ಮಾರ್ಟ್ ಹೋಮ್ ಸಾಧನಗಳಿಗಾಗಿ ಇರುವ ಕಡಿಮೆ ವಿದ್ಯುತ್ತಿನ ವೈರ್‌ಲೆಸ್ ನೆಟ್‌ವರ್ಕ್ ಬಳಸುವ ಬೋರ್ಡುಗಳಲ್ಲಿ, ಅಂದರೆ ಇಎಸ್‌ಪಿ32-ಎಚ್2, ಸಿ6 ಅಥವಾ ಎನ್‌ಆರ್‌ಎಫ್52840ಗಳಲ್ಲಿ, ಓಪನ್‌ಥ್ರೆಡ್‌ನ ಕನ್ಸೋಲ್ ಇರುತ್ತದೆ. ‘ಡೇಟಾಸೆಟ್ ಇನಿಟ್ ನ್ಯೂ’, ‘ಡೇಟಾಸೆಟ್ ಕಮಿಟ್ ಆ್ಯಕ್ಟಿವ್’, ‘ಇಫ್‌ಕಾನ್ಫಿಗ್ ಅಪ್’, ‘ಥ್ರೆಡ್ ಸ್ಟಾರ್ಟ್’ ಎಂದು ಈ ಕ್ರಮದಲ್ಲೇ ಕೊಟ್ಟು, ಪ್ರತಿಯೊಂದಕ್ಕೂ ‘ಡನ್’ ಎಂಬ ಉತ್ತರ ಬಂದ ಮೇಲೆ ಮುಂದಕ್ಕೆ ಹೋಗಿ. ಕೆಲ ಕ್ಷಣಗಳ ನಂತರ ‘ಸ್ಟೇಟ್’ ಎಂದು ಕೇಳಿದರೆ ಮೊದಲ ಬೋರ್ಡ್ ‘ಲೀಡರ್’ ಎನ್ನಬೇಕು. ಝೆಫರ್ ಎಂಬ ಆಪರೇಟಿಂಗ್ ಸಿಸ್ಟಮ್ ಆಧಾರಿತ ಫರ್ಮ್‌ವೇರ್ ಆಗಿದ್ದರೆ ಪ್ರತಿ ಕಮಾಂಡಿನ ಮುಂದೆ ‘ಓಟಿ’ ಸೇರಿಸಬೇಕು. ಮನೆಯಲ್ಲಿ ಈಗಾಗಲೇ ಥ್ರೆಡ್ ನೆಟ್‌ವರ್ಕ್ ಇದ್ದರೆ ‘ಇನಿಟ್ ನ್ಯೂ’ ಕೊಡಬೇಡಿ, ಅದು ಬೇರೆಯೇ ನೆಟ್‌ವರ್ಕನ್ನು ಹುಟ್ಟಿಸುತ್ತದೆ. ಇರುವ ನೆಟ್‌ವರ್ಕಿನ ಡೇಟಾಸೆಟನ್ನೇ, ಅಂದರೆ ಅದರ ಹೊಂದಾಣಿಕೆಗಳ ಕಟ್ಟನ್ನೇ, ಹೊಸ ಬೋರ್ಡಿಗೆ ಕೊಡಬೇಕು. ಆ ಉದ್ದನೆಯ ಅಕ್ಷರಸಾಲಿನೊಳಗೆ ನೆಟ್‌ವರ್ಕಿನ ಗುಪ್ತ ಕೀ ಇರುವುದರಿಂದ, ಸಹಾಯ ಕೇಳುವಾಗ ಅದರ ಸ್ಕ್ರೀನ್‌ಶಾಟನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ.

2022ರಲ್ಲಿ ಮೊದಲ ಆವೃತ್ತಿ ಬಂದ, ಬೇರೆ ಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ಕೆಲಸ ಮಾಡಲೆಂದು ಇರುವ ಮ್ಯಾಟರ್ ಮಾನದಂಡದ ಸಾಧನಗಳಿಗೂ ಇದೇ ರೀತಿ ಅನ್ವಯಿಸುತ್ತದೆ. ಎಸ್ಪ್ರೆಸಿಫ್‌ನ ಮ್ಯಾಟರ್ ಕನ್ಸೋಲಿನಲ್ಲಿ ಎಂಡ್‌ಪಾಯಿಂಟ್ 1, ಕ್ಲಸ್ಟರ್ 6, ಆಟ್ರಿಬ್ಯೂಟ್ 0 ಎಂಬುದಕ್ಕೆ 1 ಎಂಬ ಬೆಲೆ ಕೊಟ್ಟರೆ, ಸಾಮಾನ್ಯ ದೀಪದ ಉದಾಹರಣೆಯಲ್ಲಿ ದೀಪ ಹೊತ್ತಿಕೊಳ್ಳಬೇಕು. ಎಂಡ್‌ಪಾಯಿಂಟ್ ಎಂದರೆ ಸಾಧನದ ಒಂದು ಭಾಗ, ಕ್ಲಸ್ಟರ್ ಎಂದರೆ ಆ ಭಾಗದ ಒಂದು ಕೆಲಸ, ಆಟ್ರಿಬ್ಯೂಟ್ ಎಂದರೆ ಆ ಕೆಲಸದ ಒಂದು ಸ್ಥಿತಿ. 6 ಎಂಬುದು ಆನ್-ಆಫ್ ಕ್ಲಸ್ಟರಿನ ಸಂಖ್ಯೆ. ಫೋನಿನಿಂದ ಹೊತ್ತದ ದೀಪ ಇಲ್ಲಿಂದ ಹೊತ್ತಿದರೆ ದೋಷ ಫೋನ್ ಮತ್ತು ನೆಟ್‌ವರ್ಕಿನ ಕಡೆಗಿದೆ. ಇಲ್ಲಿಂದಲೂ ಹೊತ್ತದಿದ್ದರೆ ಪಿನ್, ತಂತಿ ಅಥವಾ ಡ್ರೈವರ್ ಕೋಡನ್ನು ನೋಡಬೇಕು. ‘ಫ್ಯಾಕ್ಟರಿ ರೀಸೆಟ್’ ಕಮಾಂಡನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಅದು ಜೋಡಣೆಯ ವಿವರಗಳೆಲ್ಲವನ್ನೂ ಅಳಿಸಿಬಿಡುವುದರಿಂದ ದೋಷದ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ.

ಪುಟಿಯಲ್ಲಿ ಸೆಷನ್ ಲಾಗಿಂಗ್ ಆನ್ ಮಾಡಿ, ಕನ್ಸೋಲಿನ ಪ್ರತಿ ಬಳಕೆಯನ್ನೂ ದಿನಾಂಕದ ಹೆಸರಿನ ಫೈಲಿನಲ್ಲಿ ಉಳಿಸಿಕೊಳ್ಳಿ. ಸಾಧನವನ್ನು ಗೋಡೆಗೆ ಕೂರಿಸುವ ಮುನ್ನ, ಕನ್ಸೋಲ್ ಇಲ್ಲದ ಫರ್ಮ್‌ವೇರ್ ಬಿಲ್ಡ್ ಮಾಡಿ ಹಾಕಿ. ಕೇಬಲ್ ಹಿಡಿದು ಬಂದವರ ಕೈಗೆಲ್ಲ ಮನೆಯ ನೆಟ್‌ವರ್ಕ್ ಸಿಗಬಾರದು. ಫರ್ಮ್‌ವೇರ್ ಆವೃತ್ತಿ, ಬಾಡ್ ವೇಗ, ಯಾವ ಪಿನ್ನಿಗೆ ಯಾವ ತಂತಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ.